ನಾಕೂ ಮೂಲಿಗೆ ಅರಿಷಿಣ

ಅಣ್ಣಿಗೇರಿ
೧೨ ನವೆಂಬರ್ ೨೦೨೪

ತಿರ್ಲಾಪುರದ ಇಸ್ಮಾಯಿಲಸಾಬ ಮಾಸ್ತರಿಗೆ ಶಂಭುಲಿಂಗಪ್ಪನ ಶರಣಾರ್ಥಿ.

ಫೋನ್ ಮಾಡಿದ್ರ, ‘ದೂರು ಇದ್ರ ಒಂದು ರಾತ್ರಿ ಕಳೀಲಿ, ಆಮ್ಯಾಲ ಕಾಗದದಾಗ ಬರದು ಕಳಸ್ರಿ, ನಡತಿ ಕಾಗದಕ್ಕ ನೀವ ಸಹಿ ಮಾಡೀರಿ’ ಅಂತ ಹೇಳಿ ಇಟ್ಟಬಿಟ್ರಿ. ಒಂದಲ್ಲ, ಎರಡು ರಾತ್ರಿ ಕಳದು ಬರಿಯಾಕತ್ತೀನಿ. ಸಿಟ್ಟು ಇಳೀತೈತಿ ಅಂತ ತಿಳಿದಿದ್ರೇನು? ದ್ವಾಸಿ ಹಿಟ್ಟಿನಗತೆ ಉಬ್ಬೇತಿ.

ಸಹಿ ಮಾಡಿದ್ದು ಖರೆ. ಓದಿದ್ದಿಲ್ಲ. ಹುಡುಗೀರು ಚೆಂಡು ಒದಿಯಾಕ ಅವರ ಸಹಿ, ಅಪ್ಪ ಅವ್ವನ ಸಹಿ, ನೋಡಾಕ ಬಂದವರದೂ ಸಹಿ. ನನ್ನ ಲಗ್ನದಾಗೂ ಇಷ್ಟು ಸಹಿ ಆಗಿಲ್ಲ. ಈಗ ಓದೀನಿ. ನೋಡೂ ಮಂದಿ ಸುಣ್ಣದ ಗೆರಿಯಿಂದ ಹತ್ತು ಹೆಜ್ಜಿ ಹಿಂದ ನಿಂದರಬೇಕಂತ. ಆಡೂ ಮಕ್ಕಳಿಗೆ ಹೊರಗಿಂದ ಬುದ್ಧಿ ಹೇಳಬಾರದಂತ. ರೆಫರಿ ಹತ್ರ ಹೋಗಬಾರದಂತ. ಎದುರಿನ ಊರಿನ ಮಕ್ಕಳಿಗೆ ನಾವ ನೀರು ಕೊಡಬೇಕು, ಅವರು ಗೋಲು ಹೊಡದ್ರ ಚಪ್ಪಾಳಿನೂ ತಟ್ಟಬೇಕಂತ. ಇದು ಆಟಾನೋ ಮಠಾನೋ, ಮಾಸ್ತರ?

ನಾ ಕುಸ್ತಿ ಕಣದ ಬಾಜೂಕ ಬೆಳದಾಂವ. ಸುತ್ತ ನಿಂತ ಮಂದಿ ಒದರದಿದ್ರ ಪೈಲ್ವಾನಗ ಹುರುಪು ಎಲ್ಲಿಂದ ಬರಬೇಕು? ನಮ್ಮ ಮೊಮ್ಮಗಳು ನಂದಾ ಹದಿಮೂರು ವರ್ಷದ ಹುಡುಗಿ. ಆಕಿ ಅಪ್ಪ ಹೇಮಂತ ಕಾಳಿನ ಅಂಗಡಿ ಬಿಟ್ಟು ಬರಂಗಿಲ್ಲ. ಅದಕ್ಕ ನಾ ಬರ್ತೀನಿ, ಆಕಿ ಹೆಸರು ಹಿಡದು ಒದರತೀನಿ. ರವಿವಾರ ಕುಬಿಹಾಳದ ಹುಡುಗಿ ಆಕಿ ಕಾಲಿಗೆ ಒದ್ಲು, ಇಡೀ ಮೈದಾನ ನೋಡ್ತು, ನಿಮ್ಮ ರೆಫರಿ ಸೀಟಿ ಊದಲಿಲ್ಲ. ಕೇಳಾಕ ಒಳಗ ಹೋದೆ. ಕೈಯಾಗ ಛತ್ರಿ ಇತ್ತು, ಬಿಸಲಿಗಂತ ಹಿಡದಿದ್ದೆ, ಬಡ್ಯಾಕಲ್ಲ. ಅದಕ್ಕ ನಾಕು ಪಂದ್ಯ ಬರಬ್ಯಾಡ ಅಂತ ಶಿಕ್ಷಾ! ಎಪ್ಪತ್ತರ ಹತ್ರ ಬಂದ ಮನಶ್ಯಾಗ!

ಹೋಗ್ಲಿ ಬಿಡ್ರಿ. ನನ್ನ ದೂರು ಅದಲ್ಲ. ನಾ ಹೊರಗ ಬಂದ ಮರುಗಳಿಗಿ ನಂದಾನ್ನ ಆಟದಿಂದ ತಗದು ನಿಮ್ಮ ಮೊಮ್ಮಗಳು ನಿಲೋಫರ್‌ನ್ನ ಇಳಿಸಿದ್ರಿ. ಜನವರ್‍ಯಾಗ ಧಾರವಾಡದಾಗ ಜಿಲ್ಲಾ ತಂಡದ ಆಯ್ಕಿ ಐತಿ. ಗೋಲು ಹೊಡಿಯಾಕ ಮುಂದ ಆಡೂವರೊಳಗ ಒಬ್ಬರನ್ನಷ್ಟ ಅವರು ತಗೋತಾರು ಅಂತ ನಿಮ್ಮ ಬಾಯಿಲೇ ಕೇಳೀನಿ. ಬಡಸೂವರು ನಮ್ಮವರಾದ್ರ ಕಡೀ ಪಂಕ್ತ್ಯಾಗ ಕುಂತ್ರೇನು ಅಂತಾರಲ್ಲ, ಆ ಮಾತು ನೆನಪಾತು. ಉತ್ತರಾ ಬರೀರಿ.

ಶಂಭುಲಿಂಗಪ್ಪ

ಕಾಗದದ ನಾಕೂ ಮೂಲ್ಯಾಗ ಅರಿಷಿಣ ಐತಂತ ಮದವಿ ಕರಿಯೋಲಿ ಅಂತ ತಿಳೀಬ್ಯಾಡ್ರಿ. ನಮ್ಮ ಮನಿಯಾಕಿ ಮಲ್ಲಕ್ಕಂದು ಅದು. ಮನಿಯಿಂದ ಹೊರಗ ಹೋಗೂ ಕಾಗದಾ ಯಾವುದರ ಇರವಲ್ದ್ಯಾಕ, ಆಕಿ ಅರಿಷಿಣ ಹಚ್ಚಿನ ಪಾಕೀಟಿಗೆ ಹಾಕಾಕಿ.


ತಿರ್ಲಾಪುರ
೧೬ ನವೆಂಬರ್ ೨೦೨೪

ಶಂಭುಲಿಂಗಪ್ಪನವರಿಗೆ ಇಸ್ಮಾಯಿಲಸಾಬನ ಸಲಾಂ.

ಕಾಗದಾ ಮುಟ್ಟಿತು. ಕೇಳಿದ್ದಕ್ಕ ಕೇಳಿದಷ್ಟ ಉತ್ತರಾ ಬರೀತೀನಿ. ಮೂವತ್ತೊಂದು ವರ್ಷ ಡ್ರಿಲ್ ಮಾಸ್ತರಕಿ ಮಾಡಿದಾಂವ, ಉದ್ದಕ ಬರಿಯಾಕ ಬರಂಗಿಲ್ಲ.

ಆ ರೆಫರಿ ಹೆಸರು ಜಹೀರಾ. ನವಲಗುಂದದ ಕಾಲೇಜು ಹುಡುಗಿ, ಹತ್ತೊಂಬತ್ತು ವರ್ಷ. ರವಿವಾರದ್ದು ಆಕಿ ಮೊದಲನೇ ಪಂದ್ಯ. ಒದ್ದದ್ದು ಆಕಿ ಕಣ್ಣಿಗೆ ಬೀಳಲಿಲ್ಲ, ತಪ್ಪಾತು. ಹಂಗಂತ ನೀವು ಮೈದಾನದ ನಟ್ಟನಡುವ ಹೋಗಿ ಆಕಿ ಮಾರಿ ಮುಂದ ಛತ್ರಿ ಅಲುಗ್ಯಾಡಿಸಿ, ‘ಕಣ್ಣಾಗ ಏನು ಸುಣ್ಣಾ ಹಚಗೊಂಡಿಯೇನಬೇ?’ ಅಂದ್ರಿ. ಆಕಿ ಬಸ್ ಸ್ಟ್ಯಾಂಡಿನತನಕ ಅಳಕೋತ ಹೋದ್ಲು. ಆಕಿಗೆ ಒಂದು ಮಾಫಿ ಕಾಗದಾ ಬರೀರಿ. ಬರದ್ರ ನಾಕು ಪಂದ್ಯದಾಗ ಒಂದು ಕಡಿಮಿ ಮಾಡ್ತೀನಿ.

ನಂದಾನ್ನ ಯಾಕ ತಗದೆ ಅಂದ್ರ, ಕಾಲು ನೋಯ್ತಾವು ಅಂದ್ಲು. ತಗದೆ. ಅಷ್ಟ.

ಧಾರವಾಡದ ಆಯ್ಕಿಗೆ ನಮ್ಮ ತಂಡದಿಂದ ಎರಡು ಹೆಸರು ಕಳಸಾಕ ಬರತೈತಿ. ನಂದಾಂದು ಒಂದು, ನಿಲೋಫರ್‌ದು ಒಂದು. ಅಲ್ಲೆ ಆರಿಸಾಂವ ನಾ ಅಲ್ಲ.

ಇಸ್ಮಾಯಿಲಸಾಬ


ಅಣ್ಣಿಗೇರಿ
೨೬ ನವೆಂಬರ್ ೨೦೨೪

ಇಸ್ಮಾಯಿಲಸಾಬರಿಗೆ,

ಮಾಫಿ ಕಾಗದಾ ಬರಿಯಂಗಿಲ್ಲ. ಒಂದಲ್ಲ ಹತ್ತು ಪಂದ್ಯ ಹೊರಗ ಇಡ್ರಿ.

ಆದ್ರ ನನ್ನ ಕಣ್ಣು ಕಟ್ಟಾಕ ಆಗೂದಿಲ್ಲ ನಿಮಗ. ಮೈದಾನದ ಬಾಜೂಕ ನಮ್ಮ ಕಾಶಿನಾಥನ ಚಾದಂಗಡಿ ಐತಿ. ನನ್ನ ತಂಗಿ ಮಗ ಅಂವ. ೨೪ನೇ ತಾರೀಖಿನ ಪಂದ್ಯ ಸುರುವಿನಿಂದ ಕಡೀತನಕ ನೋಡ್ಯಾನ. ನೋಡಿದ್ದು ನೋಡಿದಂಗ ಫೋನಿನ್ಯಾಗ ನನಗ ಹೇಳ್ಯಾನ. ಮೊದಲಿನ ಹತ್ತು ನಿಮಿಷ ನಂದಾ ಮಿಂಚಿನಗತೆ ಓಡಿದ್ಲಂತ. ಇಂವ ಗೆರಿ ತನಕಾ ಬಂದು, ‘ನಂದಾ, ನಿನ್ನ ಅಜ್ಜ ಫೋನಿನ್ಯಾಗ ಅದಾನ ನೋಡಽ, ಬಿಡಬ್ಯಾಡ!’ ಅಂತ ಒದರ್‍ಯಾನ. ಎರಡ ನಿಮಿಷಕ್ಕ ಆಕಿ ಹೊರಗ. ಬೇವಿನ ಗಿಡದ ಬುಡಕ್ಕ ನೀವೂ ಆಕೀನೂ ಪಿಸಿಪಿಸಿ ಮಾತಾಡಿದ್ರಂತ. ಆಮ್ಯಾಲ ಯಾರು ಇಳದ್ರು? ನಿಲೋಫರ್!

ಮತ್ತ ಕಾಲು ನೋವಂತೇನ್ರಿ? ಅವತ್ತ ಸಂಜಿಮುಂದ ಇದ ನಂದಾ ನಮ್ಮ ಹಿತ್ತಲ ಗ್ವಾಡಿ ಜಿಗದು ಬಾಜೂಮನಿಗೆ ಟಿವಿ ನೋಡಾಕ ಹೋಗ್ಯಾಳ. ಮನ್ಯಾಗ ಕಾಲು ನೆಟ್ಟಗ, ಮೈದಾನದಾಗ ಕುಂಟು. ನಮ್ಮ ಕಡೆಯವರು ನೋಡಾಕ ಬಂದಾಗಷ್ಟ ಆ ಕಾಲು ಹೆಂಗ ನೋಯ್ತಾವು? ಇದೇನು ಜಾದೂ, ಸಾಬ್ರ? ಹುಡುಗಿ ಬಾಯಾಗ ನೀವ ಸುಳ್ಳು ತುರಕಾಕತ್ತೀರಿ. ‘ಕಾಲು ನೋಯ್ತಾವು ಅನ್ನು, ಇಲ್ಲಂದ್ರ ಹೆಸರು ಕಳಸಂಗಿಲ್ಲ’ ಅಂತ ಹೆದರ್‍ಸೀರಿ. ಆಕೀನ್ನ ಕೇಳಿದ್ರ ತಲಿ ಕೆಳಗ ಹಾಕತಾಳ, ಒಂದು ಮಾತು ಹೊಂಡಂಗಿಲ್ಲ. ಹೆದರಿಕಿ ಇಲ್ಲದ ಹುಡುಗಿ ಹಂಗ ಮಾಡ್ತಾಳೇನು?

ಬೆಕ್ಕು ಕಣ್ಣು ಮುಚಗೊಂಡು ಹಾಲು ಕುಡದ್ರ ಊರಿಗೆ ಕಾಣಂಗಿಲ್ಲ ಅಂತ ತಿಳೀಬ್ಯಾಡ್ರಿ.

ಶಂಭುಲಿಂಗಪ್ಪ


ತಿರ್ಲಾಪುರ
೩೦ ನವೆಂಬರ್ ೨೦೨೪

ಶಂಭುಲಿಂಗಪ್ಪನವರಿಗೆ,

ನಾ ಯಾರನ್ನೂ ಹೆದರಸಿಲ್ಲ. ಹೆಚ್ಚಿಗಿ ಬರಿಯಾಕ ನನಗ ಬರಂಗಿಲ್ಲ. ಬರಂಗಿಲ್ಲ ಅಂದ್ರ ಬರದ್ರ ತಪ್ಪಾಕ್ಕೈತಿ.

ಒಂದು ಮಾತು ನಡಿಸಿ ಕೊಡ್ರಿ. ಕಾಶಿನಾಥನ್ನ ಮೈದಾನಕ್ಕ ಕಳಸಬ್ಯಾಡ್ರಿ. ಅಂವ ಮೊಬೈಲ್ ಹಿಡಕೊಂಡು ಹುಡುಗೀರ ಫೋಟೋ ತಗಿಯಾಕ ನಿಂತಿದ್ದ. ಉಳಿದ ಹುಡುಗೀರ ಅವ್ವಂದಿರು ನನ್ನ ಹತ್ರ ಬಂದು ಕೇಳಿದ್ರು, ‘ಅಂವ ಯಾರ್ರಿ ಮಾಸ್ತರ, ಯಾಕ ಬಂದಾನ?’ ಅಂತ. ನಿಮ್ಮ ಮಾನಾ ಹೋಗಬಾರದಂತ ‘ಚಾ ಕೊಡಾಕ ಬಂದಾನ’ ಅಂದೆ.

ನಂದಾನ್ನ ಗದರಿಸಿ ಕೇಳಬ್ಯಾಡ್ರಿ.

ಇಸ್ಮಾಯಿಲಸಾಬ


ತಿರ್ಲಾಪುರ
೧೪ ಡಿಸೆಂಬರ್ ೨೦೨೪

ಶಂಭುಲಿಂಗಪ್ಪನವರಿಗೆ,

ಎರಡು ವಾರ ನಿಮ್ಮ ಕಾಗದಾ ಬರಲಿಲ್ಲ. ಈಗ ನಾನ ಬರಿಯೂ ಹೊತ್ತು ಬಂದೈತಿ.

ಧಾರವಾಡದ ಆಯ್ಕಿ ಕಮಿಟಿಗೆ ನನ್ನ ಮ್ಯಾಲ ಒಂದು ಮೂಗರ್ಜಿ ಹೋಗೇತಿ. ಕೆಳಗ ಹೆಸರಿಲ್ಲ, ಸಹಿ ಇಲ್ಲ. ‘ಈ ಮಾಸ್ತರು ತಮ್ಮ ಮೊಮ್ಮಗಳನ್ನು ಮುಂದೆ ತರುವ ಸಲುವಾಗಿ ಬೇರೆ ಮಕ್ಕಳನ್ನು ಸುಳ್ಳು ಕಾರಣ ಹೇಳಿ ಹೊರಗೆ ಕೂರಿಸುತ್ತಾರೆ’ ಅಂತ ಬರದಾರು. ಬೇವಿನ ಗಿಡದ ಬುಡಕ್ಕ ಪಿಸಿಪಿಸಿ ಮಾತಾಡಿದ್ದೂ ಅದರಾಗ ಐತಿ. ಕಮಿಟಿಯವರು ಆ ಕಾಗದಾನ ನನಗ ಕಳಿಸಿ, ಒಂದು ವಾರದಾಗ ಉತ್ತರಾ ಕೊಡ್ರಿ ಅಂದ್ರು.

ಕೊಟ್ಟೆ. ನಿಲೋಫರ್‌ನ ಹೆಸರು ವಾಪಸ್ ತಗೊಂಡೀನಿ. ಈಗ ನಮ್ಮ ತಂಡದಿಂದ ಹೋಗೂದು ನಂದಾನ ಹೆಸರು ಒಂದ.

ನಿಲೋಫರ್ ಎರಡು ವರ್ಷದಿಂದ ನಸಿಕಿನ್ಯಾಗ ಎದ್ದು ಓಡಾಕಿ. ನಿನ್ನೆ ಆಕಿಗೆ ಹೇಳಿದೆ. ‘ದಾದಾ, ನಾ ಏನು ತಪ್ಪು ಮಾಡೀನಿ?’ ಅಂತ ಒಂದ ಮಾತು ಕೇಳಿದ್ಲು. ನಮ್ಮ ಮನಿಯಾಕಿ ಮಲಿಕಾಬಿ ಮುಂಜಾನಿಂದ ನನ್ನ ಕೂಡ ಮಾತಾಡವಲ್ಲಳು.

ಬರದವರು ಯಾರು ಅಂತ ನಿಮ್ಮನ್ನ ನಾ ಕೇಳೂದಿಲ್ಲ.

ಇಸ್ಮಾಯಿಲಸಾಬ


ಅಣ್ಣಿಗೇರಿ
೧೭ ಡಿಸೆಂಬರ್ ೨೦೨೪

ಸನ್ಮಾನ್ಯ ಇಸ್ಮಾಯಿಲಸಾಬ ಮಾಸ್ತರಿಗೆ ಅನಂತ ಶರಣಾರ್ಥಿ.

ನಿಮ್ಮ ಕಾಗದಾ ಓದಿ ಭಾಳ ಕೆಟ್ಟ ಅನಿಸ್ತು. ಅಗದಿ ಕೆಟ್ಟ ಅನಿಸ್ತು. ಯಾರು ಮಾಡಿರಬೇಕು ಇಂಥಾ ಹಲ್ಕಟ್ ಕೆಲಸಾ? ನನಗ ಕುಬಿಹಾಳದವರ ಮ್ಯಾಲ ಗುಮಾನಿ ಐತಿ. ಅವರ ತಂಡದ ತಿರಕಪ್ಪ ಅಂತ ಒಬ್ಬ ಅದಾನಲ್ಲ, ಬಿಳೀ ಟೊಪಗಿ ಹಾಕ್ಕೊಂಡು ಕುಂದರತಾನ, ಅಂವನ ಕಣ್ಣಾಗ ಕುಟಿಲತನಾ ಎದ್ದು ಕಾಣತೈತಿ. ನಮ್ಮ ಮನಿತನದಾಗ ಇಂಥಾದ್ದು ಇಲ್ಲ. ನಮಗೇನರ ಹೇಳೂದು ಇದ್ರ ಎದಿಗೆ ಎದಿ ಕೊಟ್ಟು ಹೇಳಾವ್ರು, ನಿಮಗ ಗೊತ್ತ ಐತಿ. ಮೂಗರ್ಜಿ ಬರಿಯೂದು ಗಂಡಸರ ಕೆಲಸಾ ಅಲ್ಲ. ಹೆಂಗಸರ ಕೆಲಸಾನೂ ಅಲ್ಲ.

ಆದ್ರೂ ಅದರ ಹಿಂದ ಬೀಳಬ್ಯಾಡ್ರಿ ಅಂತೀನಿ. ಹುಡುಕಿದ್ರೂ ಸಿಗಂಗಿಲ್ಲ. ಎಡಗೈಲೆ ಬರದದ್ದು ಯಾರ ಅಕ್ಷರಾ ಅಂತ ಬ್ರಹ್ಮ ಬಂದ್ರೂ ಗುರುತು ಹಿಡಿಯಂಗಿಲ್ಲ.

ನಿಲೋಫರ್ ಇನ್ನೂ ಸಣ್ಣಾಕಿ. ಮುಂದಿನ ವರ್ಷ ನೋಡಿದ್ರಾತು.

ಇನ್ನ ನಂದಾನ ಸುದ್ದಿ. ಡಿಸೆಂಬರ್ ಎಂಟರ ಪಂದ್ಯದಾಗ ಆಕಿ ಎರಡು ಗೋಲು ಹೊಡದ್ಲಂತ. ಕಾಶಿನಾಥನ್ನ ನಾ ಕಳಸಿರಲಿಲ್ಲ, ನಿಮ್ಮ ಮಾತು ನಡಿಸಿ ಕೊಟ್ಟೀನಿ. ಈಗ ನನಗ ಮತ್ತೊಂದು ಗುಮಾನಿ. ನಾ ಬಂದಾಗ ಕೂಡಸ್ತೀರಿ, ನಮ್ಮ ಹುಡುಗ ಬಂದಾಗ ಕೂಡಸ್ತೀರಿ, ಯಾರೂ ಇಲ್ಲದಾಗ ಆಡಸ್ತೀರಿ. ನೋಡಾಕ ನಮ್ಮವರು ಇಲ್ಲಂದ್ರ ಗೋಲು ಹೊಡದದ್ದು ಖರೆ ಅಂತ ನಾ ಹೆಂಗ ನಂಬಲಿ? ಆಕಿಗೆ ಆಟಾ ಬರೂದಿಲ್ಲಂತ ನನಗ ತೋರಸೂದು ನಿಮ್ಮ ಮಸಲತ್ತು ಇರಬೇಕು. ಏನೋ ಐತಿ. ಏನಂತ ತಿಳೀವಲ್ದು.

ಹೆಸರು ಒಂದ ಉಳದೈತಿ ಅಂದ ಮ್ಯಾಲ ಆಕಿ ಕಾಲು ಚೊಲೊ ನೋಡಕೋರಿ.

ಶಂಭುಲಿಂಗಪ್ಪ


ಅಣ್ಣಿಗೇರಿ
೨೪ ಡಿಸೆಂಬರ್ ೨೦೨೪

ಮಾಸ್ತರ,

ನೀವು ಉತ್ತರಾ ಬರೀಲಿಲ್ಲ. ನಾ ಮತ್ತ ಬರಿಯಾಕತ್ತೀನಿ. ಇದು ದೂರು ಅಲ್ಲ. ಏನಂತ ನನಗೂ ಗೊತ್ತಿಲ್ಲ.

ರವಿವಾರ ಕುಬಿಹಾಳಕ್ಕ ಬಂದಿದ್ದೆ. ಶಿಕ್ಷಾ ಇನ್ನೂ ಮುಗಿದಿರಲಿಲ್ಲ, ಕಳ್ಳರಗತೆ ಬಂದೆ. ನಿಮ್ಮನ್ನ ಕೈಯಾರೆ ಹಿಡೀಬೇಕಂತ ಬಂದೆ, ಸುಳ್ಳ್ಯಾಕ ಹೇಳಲಿ. ಮೈದಾನದ ಅಂಚಿಗೆ ಹತ್ತಿ ತುಂಬಿದ ದೊಡ್ಡ ಚೀಲ, ಅಂಡಿಗಿ, ಹೇರಿದ ಟ್ರ್ಯಾಕ್ಟರ್ ನಿಂತಿತ್ತಲ್ಲ? ಅದರ ಟ್ರಾಲಿ ಮ್ಯಾಲ, ಎರಡು ಅಂಡಿಗಿ ನಡುವ ತಲಿಗೆ ಟಾವೆಲ್ ಸುತಗೊಂಡು ಕುಂತೆ. ಮೂಗಿನ್ಯಾಗ ಹತ್ತಿ ಹೊಕ್ಕು ಸೀನು ಬರತಿತ್ತು, ಮೂಗು ಹಿಡಕೊಂಡ ಕುಂತೆ. ನನ್ನ ವಯಸ್ಸಿನ್ಯಾಗ ಇದು ಚಂದ ಅಲ್ಲ.

ಅಲ್ಲಿಂದ ನಂದಾನ್ನ ನೋಡಿದೆ. ನಮ್ಮ ಮನ್ಯಾಗ ಆ ಹುಡುಗಿ ಹಿಂಗ ನಕ್ಕಿದ್ದು ನಾ ನೋಡಿಲ್ಲ. ‘ಸಣ್ಣವ್ವ, ಇಲ್ಲೆ ಕೊಡಽ! ಗೀತಾ, ಹಿಂದ ಬಾರ್‍ಲೇ!’ ಅಂತ ದಂಡಿನ ಸರದಾರನಗತೆ ಎಲ್ಲಾರಿಗೂ ಹೇಳಾಕಿ. ಚೆಂಡು ಕಳಕೊಂಡ್ರ ಹಣಿ ಬಡಕೊಂಡು ನಗಾಕಿ. ಇದು ನಮ್ಮ ನಂದಾನ ಹೌದೋ ಅಲ್ಲೋ ಅನಿಸ್ತು. ನಾ ಗೆರಿ ಹತ್ರ ಇದ್ದಾಗ ಆಕಿ ಚೆಂಡು ನೋಡ್ತಿರಲಿಲ್ಲ ಮಾಸ್ತರ, ನನ್ನ ಮಾರಿ ನೋಡ್ತಿದ್ಲು. ಅದು ನನಗ ಈಗ ಹೊಳೀತು.

ಆಮ್ಯಾಲ ಮೂವರನ್ನ ದಾಟಿಸಿ ಗೋಲು ಹೊಡದ್ಲು. ಎಪ್ಪಾ! ನನಗ ತಡೀಲಿಲ್ಲ. ಅಂಡಿಗಿ ಮ್ಯಾಲ ಎದ್ದು ನಿಂತೆ, ಟಾವೆಲ್ ಹಾರಿಸಿದೆ. ‘ಭಲೆ ನಂದಾ! ಹೊಡೀ! ಇನ್ನೊಂದು ಹೊಡೀ!’ ಅಂತ ಒದರಿದೆ. ಇಡೀ ಮೈದಾನ ಹೊಳ್ಳಿ ನೋಡ್ತು, ನೀವೂ ನೋಡಿದ್ರಿ. ಆಕೀನೂ ನೋಡಿದ್ಲು.

ನೋಡಿ ಕುಂತಬಿಟ್ಲು. ಕಾಲು ಹಿಡಕೊಂಡು.

ನವೆಂಬರದಾಗ ಹಿಡಕೊಂಡದ್ದು ಬಲಗಾಲು. ಈಗ ಎಡಗಾಲು.

ನಾ ಟ್ರಾಲಿ ಇಳದು ಬಸ್ ಹತ್ತಿ ಬಂದೆ. ಮನ್ಯಾಗ ಆಕೀನ್ನ ಏನೂ ಕೇಳಿಲ್ಲ. ಮಲ್ಲಕ್ಕಗ ಹೇಳಿದೆ. ಆಕಿ ರೊಟ್ಟಿ ಬಡಿಯೂದು ಬಿಡದ, ‘ನಿಮಗ ಈಗ ಗೊತ್ತಾತೇನು?’ ಅಂದ್ಲು.

ನಿಮಗ ಗೊತ್ತಿತ್ತು. ಮೊದಲನೇ ದಿನದಿಂದ ಗೊತ್ತಿತ್ತು. ಯಾಕ ಮುಚ್ಚಿಟ್ರಿ? ಒಂದು ಸಾಲು ಬರದಿದ್ರ ನಾ ಇಷ್ಟು ಮುಂದ ಹೋಗ್ತಿದ್ದಿಲ್ಲ.

ಶಂಭುಲಿಂಗಪ್ಪ


ತಿರ್ಲಾಪುರ
೨೮ ಡಿಸೆಂಬರ್ ೨೦೨೪

ಶಂಭುಲಿಂಗಪ್ಪನವರಿಗೆ,

ಈಗ ನೀವ ನೋಡೀರಿ. ಹಿಂಗಾಗಿ ನಾ ಬಾಯಿಬಿಟ್ಟು ಹೇಳಿದಂಗ ಆಗಲಿಲ್ಲ. ಅದಕ್ಕ ಬರೀತೀನಿ.

ನವೆಂಬರ್ ಹತ್ತರಂದು ನೀವು ಛತ್ರಿ ಹಿಡಕೊಂಡು ಒಳಗ ಬಂದು ಹೋದ ಮ್ಯಾಲ ನಂದಾ ನನ್ನ ಹತ್ರ ಬಂದ್ಲು. ‘ಸರ್, ನನ್ನ ಕಾಲು ನೋಯಂಗಿಲ್ಲ. ಅಜ್ಜ ಇರೂತನಕ ಹೊರಗ ಕೂಡಸ್ರಿ. ನನಗ ಏನೂ ಕಾಣವಲ್ದು, ಅವನ ದನಿ ಒಂದ ಕೇಳಸ್ತೈತಿ. ಅಜ್ಜಗ ಹೇಳಬ್ಯಾಡ್ರಿ, ಅವನ ಮನಸ್ಸಿಗೆ ನೋವಾಕ್ಕೈತಿ’ ಅಂದ್ಲು. ಬೇವಿನ ಗಿಡದ ಬುಡಕ್ಕ ಪಿಸಿಪಿಸಿ ಮಾತಾಡಿದ್ದೂ ಇದ. ಹೇಳಂಗಿಲ್ಲಂತ ಭರೋಸಾ ಕೊಟ್ಟೆ. ಹದಿಮೂರು ವರ್ಷದ ಹುಡುಗಿಗೆ ಕೊಟ್ಟ ಮಾತು, ಮುರಿಯಾಕ ಬರಲಿಲ್ಲ.

ಆದ್ರ ನನ್ನ ತಪ್ಪೂ ಐತಿ. ‘ಕಾಲು ನೋಯ್ತಾವು ಅಂದ್ಲು’ ಅಂತ ನಿಮಗ ಬರದೆ. ಅದು ಸುಳ್ಳು. ನಡತಿ ಕಾಗದಾ ಬರದಾಂವ ನಾನ, ಅದರಾಗ ಖರೆ ಮಾತಾಡಬೇಕು ಅಂತ ಬರದಾಂವನೂ ನಾನ. ಸುಮ್ಮನ ‘ಹೇಳಾಕ ಬರಂಗಿಲ್ಲ’ ಅಂತ ಮೊದಲ ಬರದಿದ್ರ ಚೊಲೊ ಇತ್ತು. ಅದಕ್ಕ ನಿಮ್ಮ ಮಾಫಿ ಕೇಳತೀನಿ.

ಇನ್ನ ನಿಮ್ಮದು. ಇದರ ಜೋಡಿ ಆ ಮೂಗರ್ಜಿನೂ ಇಟ್ಟೀನಿ. ಧಾರವಾಡದವರು ಕಳಿಸಿದ್ದು, ಬಿಚ್ಚಿ ನೋಡ್ರಿ. ಅಕ್ಷರಾ ಎಡಗೈದು ಹೌದು. ಎಡಗೈಲೆ ಬರದಾರ ಅಂತ ನಾ ನಿಮಗ ಬರದಿರಲಿಲ್ಲ, ನೀವ ನನಗ ಬರದ್ರಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಕೊಂಡಂಗಾತು. ಆದ್ರ ನನಗ ಅದಕ್ಕಿಂತ ಮೊದಲ ಗೊತ್ತಿತ್ತು. ಕಾಗದದ ನಾಕೂ ಮೂಲಿ ನೋಡ್ರಿ.

ಅರಿಷಿಣ.

ಶಂಭುಲಿಂಗಪ್ಪನವರ, ಮೂಗರ್ಜಿಗೆ ಅರಿಷಿಣ ಹಚ್ಚಿ ಕಳಸೂ ಮನಿ ಈ ಜಿಲ್ಲಾದಾಗ ಒಂದ ಇರಬೇಕು. ನೋಡಿ ಮೊದಲ ನಗು ಬಂತು. ಆಮ್ಯಾಲ ನಿಲೋಫರ್ ಓಡೂ ಬೂಟು ತೊಳದು, ಒಣಗಿಸಿ, ಪ್ಲಾಸ್ಟಿಕ್ ಚೀಲಕ್ಕ ಹಾಕಿ ಮಾಳಿಗಿ ಮ್ಯಾಲ ಇಟ್ಟದ್ದು ನೋಡಿದೆ. ಅವತ್ತಿಂದ ನಿಮ್ಮ ಮ್ಯಾಲ ನನಗ ಭಾಳ ಸಿಟ್ಟೈತಿ. ದೂರು ಇದ್ರ ಒಂದು ರಾತ್ರಿ ಕಳೀಲಿ ಅಂತ ನಾನ ಬರದೀನಿ. ಹದಿನಾಕು ರಾತ್ರಿ ಕಳದಾವು, ನನ್ನದೂ ಇಳೀಲಿಲ್ಲ.

ಕಮಿಟಿಗೆ ನಿಮ್ಮ ಹೆಸರು ಹೇಳಿಲ್ಲ, ಹೇಳೂದೂ ಇಲ್ಲ. ಹೆಸರು ಕಳಸಾಕ ಕಡೀ ದಿನಾ ಜನವರಿ ಐದು. ನಂದಾಂದು ಹೋಗೇತಿ. ನಿಶ್ಚಿಂತಿ ಇರ್ರಿ.

ಇಸ್ಮಾಯಿಲಸಾಬ


ಅಣ್ಣಿಗೇರಿ
೩ ಜನವರಿ ೨೦೨೫

ಇಸ್ಮಾಯಿಲಸಾಬಣ್ಣಾರ,

ನಿಮ್ಮ ಪಾಕೀಟು ಬಂದಾಗ ಅದನ್ನ ಬಿಚ್ಚಿದಾಕಿ ಮಲ್ಲಕ್ಕ. ಮೂಗರ್ಜಿ ನನ್ನ ಮುಂದ ಹಿಡದ್ಲು. ‘ಇದಕ್ಕೂ ಯಾಕ ಹಚ್ಚಿದಿ, ಹುಚ್ಚಿ?’ ಅಂತ ಒದರಿದೆ. ಆಕಿ ಅಂದ್ಲು, ‘ನೀವು ಎಡಗೈಲೆ ಬರೀವಾಗನ ನನಗ ಗೊತ್ತಾತು. ಚೊಲೊ ಕೆಲಸಾ ಮಾಡಾವ್ರು ಬಲಗೈ ಬಿಡಂಗಿಲ್ಲ. ಅದಕ್ಕ ದಿನದಕ್ಕಿಂತ ಒಂದು ಚಿಟಿಗಿ ಹೆಚ್ಚಿಗಿನ ಹಚ್ಚೀನಿ, ಹಿಡದ್ರ ಹಿಡೀಲಿ ಅಂತ.’ ನಲವತ್ತಾರು ವರ್ಷ ಒಂದ ತಾಟಿನ್ಯಾಗ ಉಂಡೀವಿ, ಆಕಿ ನನ್ನ ಹಿಂಗ ಹಿಡದು ಕೊಡ್ತಾಳಂತ ಕನಸಿನ್ಯಾಗೂ ಎಣಿಸಿದ್ದಿಲ್ಲ.

ಬರದಾಂವ ನಾನ. ಎದಿಗೆ ಎದಿ ಕೊಡಾವ್ರು ಅಂತ ಬರದೆನಲ್ಲ, ಅದನ್ನ ಓದಿ ನೀವು ಎಷ್ಟು ನಕ್ಕಿರಬೇಕು. ನನಗ ನಾಚಿಕಿ ಬರತೈತಿ. ತಿರಕಪ್ಪನ ಮ್ಯಾಲ ಸುಮ್ಮನ ಹೊರಿಸಿದೆ, ಪಾಪ, ಅಂವನ ಟೊಪಗಿ ಬಿಟ್ರ ಅಂವನ ಬಗ್ಗೆ ನನಗ ಏನೂ ಗೊತ್ತಿಲ್ಲ.

ನಿನ್ನೆ ಧಾರವಾಡಕ್ಕ ಹೋಗಿದ್ದೆ. ಕಮಿಟಿಯವರ ಮುಂದ ಕುಂತು, ಅದ ಮೂಗರ್ಜಿ ಕೆಳಗ ಬಲಗೈಲೆ ನನ್ನ ಹೆಸರು ಬರದು ಸಹಿ ಮಾಡಿದೆ. ‘ಇದರಾಗ ಇರೂದು ಸುಳ್ಳು, ಗುಮಾನಿಲೆ ಬರದೆ, ಮಾಸ್ತರದು ತಪ್ಪಿಲ್ಲ, ನಿಲೋಫರ್‌ನ ಹೆಸರು ಹೊಳ್ಳಿ ತಗೋರಿ’ ಅಂತ ಅದರ ಬೆನ್ನಿಗೆ ಬರದೆ. ಅವರೊಳಗ ಒಬ್ಬ ಹುಡುಗ ನನ್ನ ನೋಡಿ, ‘ಯಜಮಾನ್ರ, ಮುಂದ ಆಡೂವರೊಳಗ ಒಬ್ಬರನ್ನಷ್ಟ ತಗೋತೀವ್ರಿ. ನಿಲೋಫರ್ ಬಂದ್ರ ನಿಮ್ಮ ಮೊಮ್ಮಗಳಿಗೆ ತ್ರಾಸ ಆಕ್ಕೈತಿ, ವಿಚಾರ ಮಾಡ್ರಿ’ ಅಂದ. ಮಾಡೀನಿ ಅಂದೆ. ಖರೆ ಹೇಳಬೇಕಂದ್ರ ಮಾಡಿದ್ದಿಲ್ಲ, ಬಸ್ಸಿನ್ಯಾಗ ಬರಬೇಕಾದ್ರ ಮಾಡಿದೆ. ಇಳೀಬೇಕಂತ ಸೀಟು ಬಿಟ್ಟು ಎದ್ದೂ ನಿಂತೆ. ಆದ್ರ ಹೊಳ್ಳಿ ಹೋಗಲಿಲ್ಲ. ನಿಲೋಫರ್‌ನ ಬೂಟು ಮಾಳಿಗಿಯಿಂದ ಇಳಸ್ರಿ.

ಜಹೀರಾಗ ಬ್ಯಾರೆ ಮಾಫಿ ಕಾಗದಾ ಹಾಕೀನಿ. ಶಿಕ್ಷಾ ಕಡಿಮಿ ಆಗ್ಲಿ ಅಂತ ಅಲ್ಲ.

ಶಿಕ್ಷಾದ ಮಾತು ಬಂತು. ನನ್ನ ನಾಕು ಪಂದ್ಯ ಜನವರಿ ಐದಕ್ಕ ಮುಗೀತಾವು. ಹತ್ತೊಂಬತ್ತನೇ ತಾರೀಖು ಆಯ್ಕಿಗೆ ನಾ ಬರಾಕ ಬರತೈತಿ. ಅದಕ್ಕ ನಿಮಗ ಒಂದು ಬಿನ್ನಹ. ಇನ್ನೊಂದು ಪಂದ್ಯ ಶಿಕ್ಷಾ ಹೆಚ್ಚಿಗಿ ಕೊಡ್ರಿ. ಕುಬಿಹಾಳದಾಗ ಟ್ರಾಲಿ ಹತ್ತಿದ್ದಕ್ಕ ಅಂತ ಬರೀರಿ. ಬರವಣಗ್ಯಾಗ ಕೊಡ್ರಿ, ಇಲ್ಲಂದ್ರ ಅವತ್ತ ಮುಂಜಾನೆ ನನ್ನ ಕಾಲು ಕೇಳಂಗಿಲ್ಲ.

ಆಕಿ ಹೆಂಗ ಆಡಿದ್ಲು ಅಂತ ನೀವ ಬರೀರಿ. ಈ ಸಲ ಖರೆ ಬರೀರಿ.

ನಿಮ್ಮ
ಶಂಭುಲಿಂಗಪ್ಪ


ತಿರ್ಲಾಪುರ
೨೧ ಜನವರಿ ೨೦೨೫

ಶಂಭುಲಿಂಗಪ್ಪಣ್ಣಾರಿಗೆ ಸಲಾಂ.

ನಾ ಕಳಿಸಿದ ಶಿಕ್ಷಾದ ಚೀಟಿ ಹಿಡಕೊಂಡು ರವಿವಾರ ದಿನವಿಡೀ ಮನಿ ಕಟ್ಟಿ ಮ್ಯಾಲ ಕುಂತಿದ್ರಂತ ಮಲ್ಲಕ್ಕ ಫೋನಿನ್ಯಾಗ ಮಲಿಕಾಬಿಗೆ ಹೇಳ್ಯಾಳ. ಹೆಂಗಸರಿಗೆ ನಡತಿ ಕಾಗದ ಇಲ್ಲ, ಅವರು ಫೋನ್ ಮಾಡ್ತಾರ.

ನಂದಾ ನಿಮಗ ಫಲಿತಾಂಶ ಹೇಳಿರತಾಳ. ನಿಲೋಫರ್‌ನ್ನ ತಗೊಂಡ್ರು. ನಂದಾನ್ನ ತಗೊಳ್ಳಲಿಲ್ಲ. ನೀವು ಸಹಿ ಮಾಡದಿದ್ರ ಆ ಜಾಗಾ ನಂದಾಂದ ಆಕ್ಕಿತ್ತು. ಇದನ್ನ ನಾ ಮುಚ್ಚಿ ಬರಿಯಂಗಿಲ್ಲ. ನನಗ ಸಂತೋಷನೂ ಆತು, ನಿಮ್ಮ ಮಾರಿ ನೆನಪಾಗಿ ಉಂಡದ್ದು ಮೈಗೆ ಹತ್ತಲಿಲ್ಲ.

ಆಟದ ಸುದ್ದಿ. ನಂದಾ ಚೊಲೊ ಆಡಿದ್ಲು. ನಿಲೋಫರ್ ಆಕಿಗಿಂತ ತುಸು ಜೋರ ಓಡಿದ್ಲು. ಒಂದು ಸಲ ಗೋಲಿನ ಮುಂದ ನಂದಾ ಒಬ್ಬಾಕೀನ ಉಳದ್ಲು, ಚೆಂಡು ಕಾಲಾಗ. ಕಣ್ಣು ಮುಚ್ಚಿ ಒದ್ರೂ ಹೋಗ್ತಿತ್ತು. ಅಂಥಾ ಹೊತ್ತಿನ್ಯಾಗ ನಿಂತು ಗೆರಿ ಕಡೆ ನೋಡಿದ್ಲು. ಮಂದಿ ನಿಂತಲ್ಲೆ, ಮರದ ಬುಡಕ್ಕ, ಆಚೆ ನಿಂತ ಟೆಂಪೋ ಮ್ಯಾಲನೂ ನೋಡಿದ್ಲು. ಅಷ್ಟೊತ್ತಿಗೆ ಚೆಂಡು ಹೋತು.

ನೀವು ಬಂದೀರೇನೋ ಅಂತ ಹೆದರಿ ನೋಡಿದ್ಲೋ, ಬರಲಿ ಅಂತ ಹುಡುಕಿದ್ಲೋ, ನನಗ ತಿಳೀಲಿಲ್ಲ. ನಾ ಕೇಳಲಿಲ್ಲ, ಅದು ನಿಮ್ಮದು. ಗದರಿಸದ ಕೇಳ್ರಿ.

ಜಹೀರಾ ನಿಮ್ಮ ಕಾಗದಾ ಎಲ್ಲಾರಿಗೂ ತೋರಿಸ್ಯಾಳ. ಅರಿಷಿಣ ನೋಡಿ ಆಕಿ ಅವ್ವ, ‘ಯಾವ ಮನಿಯಿಂದ ಬೀಗತನಾ ಕೇಳ್ಯಾರು?’ ಅಂತ ಗಾಬರಿ ಆಗಿದ್ಲಂತ.

ಇಸ್ಮಾಯಿಲಸಾಬ


ಅಣ್ಣಿಗೇರಿ
೨೪ ಜನವರಿ ೨೦೨೫

ಇಸ್ಮಾಯಿಲಸಾಬಣ್ಣಾರ,

ಕೇಳಿದೆ.

ನಿಮ್ಮ ಕಾಗದಾ ಬಂದು ಒಂದು ರಾತ್ರಿ ಕಳದ ಮ್ಯಾಲ ಕೇಳಿದೆ, ನಿಯಮದ ಪ್ರಕಾರ. ಹಿತ್ತಲದಾಗ ಶೇಂಗಾ ಸುಲಕೋತ ಕುಂತಿದ್ವಿ. ‘ಯಾಕ ನಿಂತೀ ತಂಗಿ ಅವತ್ತ? ಯಾರನ್ನ ನೋಡ್ತಿದ್ದಿ?’ ಅಂದೆ. ಭಾಳ ಹೊತ್ತು ಸುಲದ್ಲು. ನಾ ಬಾಯಿ ಮುಚಗೊಂಡ ಕುಂತೆ, ನನಗ ಅದು ಎಷ್ಟು ಕಠಿಣ ಅಂತ ನಿಮಗ ಗೊತ್ತೈತಿ.

‘ನಿನ್ನ ಹುಡುಕಿದೆ ಅಜ್ಜಾ’ ಅಂದ್ಲು. ‘ನೀ ಇರಬಾರದು ದೇವರ, ಇರಬಾರದು ಅಂತ ಎಲ್ಲಾ ಕಡೆ ಹುಡುಕಿದೆ. ನೀ ಎಲ್ಲೂ ಇರಲಿಲ್ಲ. ಆಮ್ಯಾಲ ನನಗ ಅಳು ಬಂತು.’

ಅಷ್ಟ ಹೇಳಿ ಒಳಗ ಹೋದ್ಲು. ಉಳಿದ ಶೇಂಗಾ ನಾನ ಸುಲದೆ.

ಆಮ್ಯಾಲ ಹೊಳ್ಳಿ ಬಂದು ತನ್ನ ನಿಯಮಾ ಹೇಳ್ಯಾಳ. ಫೆಬ್ರವರಿ ಎರಡರ ಪಂದ್ಯಕ್ಕ ನಾ ಬರಬೇಕಂತ. ಹತ್ತಲ್ಲ, ಇಪ್ಪತ್ತು ಹೆಜ್ಜಿ ಹಿಂದ ನಿಂದರಬೇಕು. ಎದುರಿನ ಊರಿನ ಹುಡುಗೀರಿಗೆ ನೀರು ಕೊಡೂ ಕೊಡಾ ನಾನ ಹೊರಬೇಕು. ಒದರಬಾರದಂತ ಬಾಯಾಗ ಬೆಲ್ಲದ ಹೆಂಟಿ ಇಟಗೋಬೇಕು, ಕರಗಿದ್ರ ಇನ್ನೊಂದು. ಇದನ್ನೆಲ್ಲಾ ಕಾಗದದ ಮ್ಯಾಲ ಬರದು ನನ್ನ ಮುಂದ ಇಟ್ಲು. ಈ ಸಲ ಪೂರ್ತಿ ಓದಿ ಸಹಿ ಮಾಡಿದೆ.

ಅದನ್ನ ಇದರ ಜೋಡಿ ಇಟ್ಟೀನಿ, ನಿಮ್ಮ ಹತ್ರ ಇರಲಿ. ಮೂಲಿಗೆ ಅರಿಷಿಣ ನಂದಾ ಹಚ್ಯಾಳ.

ಶಂಭುಲಿಂಗಪ್ಪ